ಐಲೆರಾನ್ ಮೇಲಿನ ಕುಂಕುಮ

ಶಿಡ್ಲಘಟ್ಟದ ನಮ್ಮ ಹುಳುಮನೆಯಲ್ಲಿ ಈಗ ರೇಷ್ಮೆ ಹುಳು ಇಲ್ಲ, ಅರ್ಧ ವಿಮಾನ ಇದೆ. ವಿಮಾನ ಹಾರಿಸುವ ಲೈಸೆನ್ಸ್ ಪಡೆದ ಮಗಳು, ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ಎರಡು ಸೀಟಿನ ವಿಮಾನದ ಹುಚ್ಚು ನಮಗೂ ಹಿಡಿಸಿದಳು. ರೆಕ್ಕೆಯ ಕೆಲಸ ನನ್ನ ಮತ್ತು ನನ್ನ ಮೈದುನನ ಪಾಲಿಗೆ ಬಂತು. ಚಿಂತಾಮಣಿಯಲ್ಲಿ ಇಪ್ಪತ್ತೆಂಟು ವರ್ಷ ತಗಡಿನ ಕೆಲಸ ಕಲಿಸಿ ನಿವೃತ್ತಳಾದವಳು ನಾನು. ಅವನಿಗೆ ಡ್ರಿಲ್ ಹಿಡಿಯುವುದು ಹೇಳಿಕೊಟ್ಟವಳೂ ನಾನೇ.

ತಗಡಿಗೆ ತಗಡು ಕೂಡಿಸುವ ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಈ ಕಡೆಯಿಂದ ನಾನು ಗನ್ ಒತ್ತಿದರೆ, ಆ ಕಡೆ ಅವನು ಕಬ್ಬಿಣದ ಗಟ್ಟಿಯನ್ನು ಬಿಗಿಯಾಗಿ ಹಿಡಿಯಬೇಕು. ತಗಡಿನ ಹಿಂದೆ ಏನಾಯಿತೆಂದು ನನಗೆ ಕಾಣುವುದಿಲ್ಲ. "ಸರಿಯಾಗೈತೆ ಅತ್ತಿಗೆ" ಎಂದು ಅವನು ಹೇಳಿದರೆ ಮುಂದಿನ ರಿವೆಟ್ಟಿಗೆ ಹೋಗುತ್ತಿದ್ದೆ.

ನಾನೊಂದು ಕಟ್ಟಳೆ ಮಾಡಿದ್ದೆ. ಕೆಡಿಸಿದ್ದನ್ನು ಮುಚ್ಚಿಡುವಂತಿಲ್ಲ. ಹಿಂದೆ ಹುಳು ಗೂಡು ಕಟ್ಟುವ ಚಂದ್ರಿಕೆ ತೂಗುಹಾಕುತ್ತಿದ್ದ ಮೊಳೆಗೆ ಅದನ್ನು ನೇತುಹಾಕಿ, ಹೊಸದು ತರಿಸಬೇಕು. ನನ್ನವು ಮೂರು ನೇತಾಡುತ್ತಿದ್ದವು, ಅವನದು ಒಂದೂ ಇರಲಿಲ್ಲ. ಕಲಿಸಿದವಳನ್ನೇ ಮೀರಿಸಿಬಿಟ್ಟ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ, ನನ್ನಂಥ ಪೆದ್ದಿ!

ಮಗಳ ಪಕ್ಕದ ಸೀಟಿನಲ್ಲಿ ಮೊದಲು ಕೂರುವವನು ತಾನೇ ಎಂದು ಅವನು ಮೊದಲ ದಿನದಿಂದ ಹಟ ಹಿಡಿದಿದ್ದ. ಆಯುಧ ಪೂಜೆಯ ದಿನ ರೆಕ್ಕೆಗೆ ಗಂಧ ಕುಂಕುಮ ಇಟ್ಟವನೂ ಅವನೇ. ಕೈ ತೊಳೆದು ಬಂದು, ತನಗೆ ಬಿಪಿ ಜಾಸ್ತಿಯಾಗಿದೆ, ಆ ಸೀಟು ಅತ್ತಿಗೆಗೇ ಇರಲಿ, ಹೆತ್ತವಳೇ ಮೊದಲು ಕೂರಬೇಕು ಎಂದ. ನನಗೆ ಕಣ್ಣು ತುಂಬಿ ಬಂತು. ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಬಣ್ಣದ ಕೆಲಸ ಶುರುವಾಯಿತು. ಬಣ್ಣಕ್ಕೆ ಮುಂಚೆ ತಿನ್ನರ್ ಹಾಕಿ ಎಲ್ಲ ಒರೆಸಬೇಕು. ಐಲೆರಾನ್ ಎಂದರೆ ರೆಕ್ಕೆಯ ಹಿಂದೆ ಮೇಲೆ ಕೆಳಗೆ ಆಡುವ ಪಟ್ಟಿ, ವಿಮಾನವನ್ನು ವಾಲಿಸುವುದು ಅದೇ. ಅದನ್ನು ಹಿಡಿದಿಡುವ ಕೀಲಿನ ಮೇಲೊಂದು ದಪ್ಪ ಬೊಟ್ಟಿತ್ತು. ಅದೊಂದು ಬಿಡಿ, ಪೂಜೇದು, ಮೇಲೇ ಬಣ್ಣ ಹೊಡೆಯೋಣ ಎಂದ ಮೈದುನ. ಇಟ್ಟ ಕುಂಕುಮವನ್ನು ಒರೆಸುವ ಹೆಂಗಸು ನಾನಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಕುಂಕುಮದ ಮೇಲೆ ಬಣ್ಣ ನಿಲ್ಲುವುದಿಲ್ಲವಲ್ಲ. ಮುಟ್ಟಿ ಕಣ್ಣಿಗೊತ್ತಿಕೊಂಡು ಒರೆಸಿದೆ.

ಕುಂಕುಮದ ಜೊತೆ ಅದರ ಕೆಳಗೆ ಮೆತ್ತಿದ್ದ ಪುಟ್ಟಿಯೂ ಎದ್ದು ಬಂತು. ಅದರಡಿ ಒಂದಕ್ಕೊಂದು ಅಂಟಿಕೊಂಡ ಎರಡು ತೂತು. ಡ್ರಿಲ್ ಜಾರಿದೆ. ಆಕಾಶದಲ್ಲಿ ಆ ಕೀಲು ಸೀಳಿದರೆ ಮಗಳ ಕೈಯಲ್ಲಿ ಏನೂ ಉಳಿಯುವುದಿಲ್ಲ. 

ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. "ಆ ಮೊಳೆಗೆ ನಂದು ನೇತಾಕೋಕೆ ಮನಸ್ಸು ಬರಲಿಲ್ಲ ಅತ್ತಿಗೆ," ಎಂದ. "ನೀವು ಬೀದೀಲೆಲ್ಲ ಹೇಳ್ಕೊಂಡು ಬಂದಿದ್ರಿ."

ಅಷ್ಟಕ್ಕೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಆಗ ಆ ಸೀಟು ನೆನಪಾಯಿತು.

"ಬಿಪಿ ನಿಜವಾಗ್ಲೂ ಇತ್ತೇನಪ್ಪ?" ಎಂದು ಕೇಳಿದೆ.

ಅವನು ಕೆಳಗೆ ಬಿದ್ದ ಪುಟ್ಟಿಯ ಚೂರುಗಳನ್ನು ಆಯತೊಡಗಿದ. ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಚಿಕ್ಕಪ್ಪ ಅವನು. ತಾನು ಕೂರಲು ಹೆದರಿದ ವಿಮಾನದಲ್ಲಿ ನಮ್ಮಿಬ್ಬರನ್ನೂ ಕೂರಿಸಲು ಒಪ್ಪಿಕೊಂಡಿದ್ದ. ಮನೆಗೆ ಹೋಗಪ್ಪ ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ಕೀಲು ಈಗ ಮೊಳೆಯಲ್ಲಿ ನೇತಾಡುತ್ತಿದೆ. ಅವನು ಸರಿಯಾಗೈತೆ ಎಂದ ರಿವೆಟ್‌ಗಳನ್ನೆಲ್ಲ ಒಂದೊಂದಾಗಿ ಕೊರೆದು ತೆಗೆಯುತ್ತಿದ್ದೇನೆ. ಭಾನುವಾರ ಮಗಳು ಬಂದು ಆ ಕಡೆ ಗಟ್ಟಿ ಹಿಡಿಯುತ್ತಾಳೆ. ಸರಿಯಾಗಿದೆ ಅಮ್ಮ ಅನ್ನುತ್ತಾಳೆ. ನಾನು ಗನ್ ಕೆಳಗಿಟ್ಟು, ಸುತ್ತಿ ಹೋಗಿ, ನೋಡಿಕೊಂಡು ಬರುತ್ತೇನೆ.