ಉಪ್ಪಾಗೆ ತುಪ್ಪಕ್ಕೆ ಅಂಟಿದ ಕಲಬೆರಕೆ

ನನ್ನ ತುಪ್ಪವನ್ನು ಕಲಬೆರಕೆ ಎಂದವರು ಓದಿದವರು. ಅದೂ ಕೊಬ್ಬಿನ ವಿಷಯವನ್ನೇ ಓದಿದವರು. ಅದಕ್ಕೇ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾನು ಹೊಸನಗರದ ಕಡೆಯವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಡಿನ ಹುಟ್ಟುವಳಿಯ ಕೆಲಸಕ್ಕೆ ಇಳಿದೆ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಿ ತಂದು ಸಿಪ್ಪೆ ಒಣಗಿಸಿ ಮಾರುತ್ತೇನೆ. ಬೀಜವನ್ನು ತೊಳೆದು, ಒಣಗಿಸಿ, ಕುಟ್ಟಿ ನೀರಿನಲ್ಲಿ ಕುದಿಸುತ್ತೇನೆ. ಮೇಲೆ ತೇಲಿದ ಜಿಡ್ಡನ್ನು ಸೌಟಿನಿಂದ ತೆಗೆದು ತಣಿಯಲು ಬಿಟ್ಟರೆ ಮೇಣದಂತೆ ಗಟ್ಟಿಯಾಗುತ್ತದೆ. ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನಮ್ಮಲ್ಲಿ ಅದು ಎಣ್ಣೆಯಲ್ಲ, ತುಪ್ಪ. ದೋಸೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ.

ಆ ತುಪ್ಪ ಹುಡುಕಿಕೊಂಡು ಬಂದವರು ಸಾಗರದ ಒಂದು ಕಾಲೇಜಿನ ಮೇಡಂ. ಅವರ ಹುಟ್ಟೂರು ತೀರ್ಥಹಳ್ಳಿ ಹತ್ತಿರ. ಜೀವಕೋಶದ ಸುತ್ತ ಒಂದು ಪೊರೆ ಇರುತ್ತದಂತೆ, ಅದು ಕೊಬ್ಬಿನದಂತೆ. ಆ ಕೊಬ್ಬಿನ ಮೇಲೆಯೇ ಅವರು ಇಡೀ ಜೀವಮಾನ ಕೆಲಸ ಮಾಡಿದ್ದಾರೆ. ಮೊದಲ ಸಲ ನಮ್ಮ ಒಲೆಯ ಮುಂದೆ ಕೂತಾಗ ಕೇಳಿದ್ದೆ.

"ಈ ತುಪ್ಪಾನೇ ಪೊರೆ ಆಗತ್ತಾ ಮೇಡಂ?"

"ಇಲ್ಲ ಮಾರಾಯ್ರೆ. ಇದು ಬೀಜ ಕೂಡಿಟ್ಟುಕೊಂಡ ಊಟ. ಪೊರೆಯ ಕೊಬ್ಬಿನ ಜಾತಿ ಬೇರೆ. ಆದ್ರೆ ಇಂಥ ಗಟ್ಟಿ ಕೊಬ್ಬು ಕೊಟ್ಟು ಸಾಕಿದ್ರೆ ಕೋಶದ ಪೊರೆನೂ ಬಿಗಿ ಆಗತ್ತಾ ಅಂತ ನೋಡ್ಬೇಕು."

"ಅಷ್ಟು ನೋಡೋಕೆ ಎಷ್ಟು ದಿನ ಬೇಕು?"

"ಕೂದ್ಲು ಬೆಳ್ಳಗಾಯ್ತು, ಇನ್ನೂ ಮುಗಿದಿಲ್ಲ" ಎಂದು ನಕ್ಕರು.

ಅವಸರವಿಲ್ಲದೆ ದುಡಿಯುವವರು ಎಂದು ಗೌರವ ಹುಟ್ಟಿತು. ಅಂದಿನಿಂದ ಅವರ ತುಪ್ಪಕ್ಕೆಂದೇ ಬೇರೆ ಪಾತ್ರೆ ಇಟ್ಟೆ. ಅಡುಗೆಯ ಜಿಡ್ಡು ತಾಗಿದ ಕೈಯನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ.

ಪ್ರತಿ ವರ್ಷ ಅವರೇ ಬಂದು ಒಯ್ಯುತ್ತಿದ್ದರು. ಹೋದ ವರ್ಷ ಪುರಸೊತ್ತಿಲ್ಲ ಎಂದರು. ಡಬ್ಬಿಗೆ ಚೀಟಿ ಅಂಟಿಸಿ, 'ಉಪ್ಪಾಗೆ ತುಪ್ಪ' ಎಂದು ಬರೆದು, ನನ್ನ ಹೆಸರೂ ಹಾಕಿ ಬಸ್ಸಿನಲ್ಲಿ ಕಳಿಸಿದೆ. ತಿಂಗಳಾದರೂ ಸುದ್ದಿಯಿಲ್ಲ. ಕಾಲೇಜಿಗೆ ಫೋನ್ ಮಾಡಿದರೆ ಅವರ ಕೈಕೆಳಗೆ ಸಂಶೋಧನೆಗೆ ಹೊಸದಾಗಿ ಸೇರಿದವನು ಎತ್ತಿದ.

"ಯಜಮಾನ್ರೇ, ನಿಮ್ಮ ಸ್ಯಾಂಪಲ್ ಕಲಬೆರಕೆ ಅಂತ ಬಂದಿದೆ. ಹಾಲಿನ ಕೊಬ್ಬಿನ ಗುರುತೇ ಇಲ್ಲ. ಇನ್ನು ಕಳಿಸ್ಬೇಡಿ."

ಮರುದಿನ ಮೊದಲ ಬಸ್ಸಿಗೆ ಸಾಗರಕ್ಕೆ ಹೋದೆ. ಫೋನಿನಲ್ಲಿ ಮಾತಾಡಿದವನೇ ಎದುರಿಗೆ ಸಿಕ್ಕ. ಬಯಲುಸೀಮೆಯವನು, ಉಪ್ಪಾಗೆ ಮರ ಕಂಡವನಲ್ಲ.

"ಹಸುವಿನ ತುಪ್ಪ ಅಂತ ಎಲ್ಲಿ ಬರ್ದಿದೀನಿ, ತೋರ್ಸಿ."

"ಉಪ್ಪಾಗೈತೆ ಅಂತ ಬರೆಯೋಕೆ ಹೋಗಿ ಅಕ್ಷರ ಬಿಟ್ಟಿದೀರ ಅಂದ್ಕೊಂಡೆ."

"ಉಪ್ಪಾದ ತುಪ್ಪಾನ ಯಾರಾದ್ರೂ ಹೆಸ್ರು ಹಾಕಿ ಕಳಿಸ್ತಾರಾ?"

ಅವನ ಮೇಲೆ ಬಂದ ಸಿಟ್ಟು ಅಲ್ಲೇ ಕರಗಿತು. ಆದರೆ ಅವನು ತೋರಿಸಿದ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಎದುರು ಇಂಗ್ಲಿಷಿನಲ್ಲಿ 'ಕಲಬೆರಕೆ' ಎಂದಿತ್ತು, ಅವನೇ ಓದಿ ಹೇಳಿದ. ಅದರ ಕೆಳಗೆ ಮೇಡಂ ಸಹಿ. ಆ ತುಪ್ಪದ ದೋಸೆ ತಿಂದು ಬೆಳೆದವರು, ನನ್ನ ಒಲೆಯ ಹೊಗೆಗೆ ಕಣ್ಣೊರೆಸಿಕೊಂಡವರು ಹಾಕಿದ ಸಹಿ.

ಮೇಡಂ ಒಳಗೆ ಬಂದ ಕೂಡಲೇ ಕೇಳಿದೆ. "ಓದದೇ ಹಾಕಿದ್ರಾ ಮೇಡಂ?"

"ಹಾಳೆ ಬಹಳ ಇದ್ವು. ಒಟ್ಟಿಗೆ ಹಾಕ್ಬಿಟ್ಟೆ."

"ನಾನು ಒಂದೊಂದೇ ಬೀಜ ನೋಡಿ ಹುಳುಕು ತೆಗೀತೀನಿ. ನಿಮಗೆ ಒಂದು ಸಾಲು ಓದೋಕೆ ಆಗ್ಲಿಲ್ಲ."

ಅವರು ಪೆನ್ನು ತೆಗೆದು ಆ ಪದದ ಮೇಲೆ ಒಂದು ಗೆರೆ ಎಳೆದರು. ಪದ ಹಾಗೇ ಕಾಣುತ್ತಿತ್ತು.

"ಪೂರ್ತಿ ಅಳಿಸಿ."

"ಇಲ್ಲಿ ಅಳಿಸೋ ಹಾಗಿಲ್ಲ. ತಪ್ಪು ಕಾಣ್ತಾ ಇರ್ಬೇಕು, ಅದೇ ನಿಯಮ."

"ಹಾಗಿದ್ರೆ ಯಾರ ತಪ್ಪು ಅಂತಾನೂ ಕಾಣ್ಲಿ. ಕನ್ನಡದಲ್ಲಿ ಬರೀರಿ."

ಬರೆದರು: 'ಇದು ಉಪ್ಪಾಗೆ ಬೀಜದ ತುಪ್ಪ, ಶುದ್ಧ. ಓದದೆ ಸಹಿ ಹಾಕಿದ್ದು ನನ್ನ ತಪ್ಪು.' ನಾನು ಎರಡು ಸಲ ಓದಿದೆ. ಆಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಆ ಡಬ್ಬಿ ಚೆಲ್ಲಿಬಿಟ್ಟಿದಾರೆ. ಕೆಲಸ ನಿಂತಿದೆ. ಇನ್ನೊಂದು ಕೊಡ್ತೀರಾ?"

"ಕೊಡ್ತೀನಿ. ಬೀಜ ಕುಟ್ಟೋದ್ರಿಂದ ಹಿಡಿದು ನಿಂತು ನೋಡಿ ಒಯ್ಯಿರಿ."

"ಇವನನ್ನ ಕಳಿಸಿದ್ರೆ ಆಗಲ್ವಾ?"

"ಅವನೂ ಬರಲಿ. ಸಹಿ ಹಾಕಿದವ್ರು ನೀವು."

ಅವರು ನನಗೆಂದು ಹೇಳಿದ ಟೀ ಬರುವ ಮೊದಲೇ ಎದ್ದು ಬಂದೆ.