ಬಾಯಿ ತೆರೆದವರಿಗೆ ಕತೆ ಓದುವವನು

ನನ್ನ ಗೆಳೆಯ, ಹಲ್ಲಿನ ಡಾಕ್ಟರು, ಕಳೆದ ಮಂಗಳವಾರ ಮಧ್ಯಾಹ್ನ ಹೃದಯಾಘಾತದಿಂದ ತೀರಿಕೊಂಡ. ಐವತ್ತು ವರ್ಷದವರೆಗೆ ಅವನು ಔಷಧದ ಚೀಟಿ ಬಿಟ್ಟು ಬೇರೇನೂ ಬರೆದವನಲ್ಲ. ಅದನ್ನೂ ಅಂಗಡಿಯವರು ಊಹಿಸಿಯೇ ಓದಬೇಕಿತ್ತು. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಬಂದವನು ಬೆನ್ನಿಗೊಂದು ಚೀಲ ಏರಿಸಿಕೊಂಡು ತಿಂಗಳುಗಟ್ಟಲೆ ಬೆಟ್ಟ ಸುತ್ತಿದ. ದಾರಿಯಲ್ಲಿ ದಿನಚರಿ ಬರೆಯತೊಡಗಿದ. ಮೂರನೆಯ ದಿನ ಬರೆಯುವಂಥದ್ದೇನೂ ನಡೆಯದೆ ಒಂದು ಕರಡಿಯನ್ನು ಸೇರಿಸಿದ. ಕತೆಗಾರ ಹುಟ್ಟಿದ್ದು ಹಾಗೆ. ಮರಳಿ ಬಂದ ಮೇಲೆ ರೋಗಿಗಳ ಬಾಯಿಗೆ ಹತ್ತಿ ತುರುಕಿ ಕತೆ ಓದುತ್ತಿದ್ದ. "ಹೇಗಿದೆ?" ಎಂದರೆ ಪಾಪ, ಅವರು "ಆಂ" ಎನ್ನುತ್ತಿದ್ದರು. ಅದನ್ನು ಮೆಚ್ಚುಗೆ ಎಂದೇ ನಂಬಿದ್ದ. ಅವನ ನಾಯಕಿಯರಿಗೆ ಕಣ್ಣು ಮೂಗು ಇರುತ್ತಿರಲಿಲ್ಲ, ಮೂವತ್ತೆರಡು ಹಲ್ಲು ಮಾತ್ರ ತಪ್ಪದೆ ಇರುತ್ತಿದ್ದವು. "ರೀ, ನಿಮ್ಮ ಕತೆ ಕೇಳೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದೇ ವಾಸಿ," ಎಂದು ಅವನ ಹೆಂಡತಿ ರೇಗುತ್ತಿದ್ದರು. ಒಮ್ಮೆ ನಲವತ್ತು ಪುಟದ ಕತೆ ತಂದಾಗ ನಾನೂ ಗೊಣಗಿದೆ: "ಚಿಕ್ಕದಾಗಿ ಬರೆಯೋಕೆ ಏನೋ ಧಾಡಿ ನಿಂಗೆ?" ಅವನು ಮೆಲ್ಲಗೆ ಹೇಳಿದ: "ಕುಡೀಬೇಕು ಅನ್ನಿಸಿದಾಗ ಪೆನ್ನು ಹಿಡೀತೀನಿ ಕಣೋ. ಆ ಆಸೆ ಹೋಗೋ ತನಕ ಬರೀತೀನಿ. ಈ ವಾರ ಅದು ಹೋಗಲೇ ಇಲ್ಲ." ಅಂದಿನಿಂದ ಅವನ ಕತೆ ಕೈಗೆ ಬಂದರೆ ನಾನು ಮೊದಲು ಕೊನೆಯ ಪುಟದ ಸಂಖ್ಯೆ ನೋಡುತ್ತಿದ್ದೆ. ಆ ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದ. "ನಿನ್ನೆ ಇಡೀ ದಿನ ಒಂದಕ್ಷರ ಬರೀಲಿಲ್ಲ ಕಣೋ. ಯಾಕೋ ಕುಡಿತದ ನೆನಪೇ ಆಗಲಿಲ್ಲ," ಎಂದವನು ನಗುತ್ತಲೇ ಫೋನ್ ಇಟ್ಟ.