ಟ್ರಂಕ್ ಕಾಲಿನಲ್ಲಿ ಒಂದು ಊಹೂಂ

ಈಗಿನವರು ಮಾಳಿಗೆ ಹತ್ತಿ, ಫೋನನ್ನು ಆಕಾಶಕ್ಕೆ ಹಿಡಿದು ‘ಸಿಗ್ನಲ್ ಇಲ್ಲ’ ಎಂದು ಗೋಳಾಡುವುದನ್ನು ಕಂಡರೆ ನನಗೆ ನಗು ಬರುತ್ತದೆ. ಎಂಬತ್ತರ ದಶಕದಲ್ಲಿ, ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯಲ್ಲಿ, ಕವರೇಜ್ ಎಂದರೆ ಎದುರು ಮನೆಯ ಹತ್ತಿ ವ್ಯಾಪಾರಿಯ ಪಡಸಾಲೆ. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಓಣಿಗೆಲ್ಲ ಅದೊಂದೇ ಫೋನು. ಯಾರಿಗೆ ಕಾಲ್ ಬಂದರೂ ಓಣಿಯ ಅರ್ಧ ಜನ ಅಲ್ಲಿ ಹಾಜರು. ಗುಟ್ಟು ಹೇಳುವವರು ಪತ್ರ ಬರೆಯಬೇಕು. ಫೋನಿನಲ್ಲಿ ಹೇಳಿದರೆ ಡಂಗುರ ಸಾರಿದಂತೆ.

ಆ ವರ್ಷ ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಸಿರುಗುಪ್ಪದಿಂದ ಒಂದು ಸಂಬಂಧ ಬಂತು. ಹುಡುಗನ ತಂದೆಗೆ ಅಕ್ಕಿ ಗಿರಣಿ, ಗಿರಣಿಗೆ ಹೊಸ ಫೋನು. ಸೊಸೆ ಹೊರಗೆ ಹೋಗಿ ದುಡಿಯಬಾರದು ಎಂಬುದು ಅವರ ಷರತ್ತು. ನನಗೆ ಸೀಟು ಬೇಕಿತ್ತು, ಅಪ್ಪನಿಗೆ ಗಿರಣಿ ಬೇಕಿತ್ತು. ಹುಡುಗಿಯನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೆ ಹೊಸ ಫೋನಿನ ಹುರುಪಿನಲ್ಲಿದ್ದ ಗಿರಣಿಯವರು, ಹುಡುಗಿಯ ಬಾಯಿಂದಲೇ ಒಂದು ‘ಹೂಂ’ ಕೇಳಬೇಕೆಂದು, ಎಕ್ಸ್‌ಚೇಂಜಿನವರು ಊರಿಂದೂರಿಗೆ ಜೋಡಿಸಿಕೊಡುವ ಟ್ರಂಕ್ ಕಾಲ್ ಬುಕ್ ಮಾಡಿದರು.

ಬೆಳಿಗ್ಗೆ ಬುಕ್ ಮಾಡಿದ ಕಾಲ್ ಸಂಜೆಗೆ ಸಿಕ್ಕಿತು; ನಾವು ಎದುರು ಮನೆಯ ಪಡಸಾಲೆಗೆ ಓಡಿದೆವು. ಅಪ್ಪ ರಿಸೀವರ್ ಕಿವಿಗಿಟ್ಟರು; ಅತ್ತಲಿನವರು ಕೂಗುವ ಜೋರಿಗೆ ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳುತ್ತಿತ್ತು. ‘ಹುಡುಗಿ ಏನಂತಾಳ್ರಿ?’ ಎಂದು ಸಿರುಗುಪ್ಪ ಕೇಳಿದ್ದೇ ತಡ, ಲೈನಿನೊಳಗೆ ನುಸುಳಿದ ಕುರುಗೋಡಿನ ಯಾರೋ ಒಬ್ಬರು ‘ಇನ್ನೂ ಹಸಿ ಐತ್ರಿ, ನಾಕು ದಿನ ಬಿಸಲಾಗ ಒಣಗಬೇಕು’ ಎಂದರು. ಪಾಪ, ಅವರು ಮೆಣಸಿನಕಾಯಿಯ ಮಾತಾಡುತ್ತಿದ್ದರು.

ಅಪ್ಪ ಗಾಬರಿಯಾಗಿ ರಿಸೀವರನ್ನು ನನ್ನ ಕೈಗೆ ಕೊಟ್ಟರು.

‘ಏನವ್ವ, ಒಪ್ಪಿಗಿ ಐತೇನು?’ ಎಂದರು ಅತ್ತಲಿಂದ ಗಿರಣಿಯ ಯಜಮಾನರು.

‘ಊಹೂಂ’ ಎಂದೆ, ಪಕ್ಕದಲ್ಲಿದ್ದ ಅಪ್ಪನಿಗೂ ಕೇಳದಷ್ಟು ಮೆಲ್ಲಗೆ.

ಫೋನಿನ ತಂತಿ ನಮ್ಮ ದನಿಯನ್ನು ಪೂರ್ತಿ ಹೊರುವುದಿಲ್ಲವಂತೆ. ತೀರ ಕೀಚಲು, ತೀರ ದಪ್ಪ ಎರಡನ್ನೂ ಬಿಟ್ಟು, ನಡುವಿನದನ್ನಷ್ಟೇ ಒಯ್ಯುತ್ತದೆಯಂತೆ. ನಮ್ಮ ಲೈನಿಗೆ ಅಷ್ಟು ನಿಯತ್ತೂ ಇರಲಿಲ್ಲ. ಮೆಲ್ಲಗೆ ಮಾತಾಡಿದರೆ ಮೊದಲ ಅಕ್ಷರವನ್ನೇ ನುಂಗುತ್ತಿತ್ತು. ಕನ್ನಡದಲ್ಲಿ ಒಪ್ಪುವುದಕ್ಕೂ ಒಲ್ಲೆನ್ನುವುದಕ್ಕೂ ನಡುವೆ ಇರುವುದು ಒಂದೇ ಒಂದು ‘ಊ’. ಅದು ದಾರಿಯಲ್ಲೇ ಉಳಿದು, ಬರೀ ‘ಹೂಂ’ ಸಿರುಗುಪ್ಪ ಮುಟ್ಟಿತು.

‘ಹೂಂ ಅಂದ್ಲು! ಸಕ್ಕರಿ ತರ್ರಿ!’ ಎಂದು ಅತ್ತ ಗದ್ದಲವೋ ಗದ್ದಲ.

ಸೀಟು ಹೋಯಿತು ಎಂದು ನನಗೆ ಅಳುವೇ ಬಂತು. ‘ಇಲ್ರಿ, ಹಂಗಲ್ರಿ’ ಎಂದು ತೊದಲಿದೆ.

‘ಏನಂದಿ? ಕೇಳವಲ್ದು. ಜೋರಾಗಿ ಹೇಳವ್ವ!’

ನಾಚಿಕೆಯಿಂದ ನನ್ನ ದನಿ ಏಳುತ್ತಿಲ್ಲವೆಂದುಕೊಂಡರು ಅಪ್ಪ. ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು ಎನ್ನುತ್ತಿದ್ದವರು ಅಂದು ನನ್ನ ಬೆನ್ನು ತಟ್ಟಿ, ‘ಒದರವ್ವಾ! ಓಣಿಗೆಲ್ಲ ಕೇಳಿದ್ರ ಕೇಳ್ಲಿ, ನಾಚ್ಕಿ ಯಾಕ?’ ಎಂದು ಹುರಿದುಂಬಿಸಿದರು.

ಅಪ್ಪನ ಮಾತು ಮೀರುವ ಮಗಳಲ್ಲ ನಾನು. ಉಸಿರು ತುಂಬಿಕೊಂಡು ಒದರಿದೆ.

‘ನಾ ಒಲ್ಲೆ! ನಾ ಸಾಲಿ ಟೀಚರ್ ಆಗಾಕಿ!’

ಅಪ್ಪ ಗೋಡೆ ಹಿಡಿದುಕೊಂಡರು. ಅತ್ತಲಿಂದ ತುಸು ಹೊತ್ತು ಬರೀ ಗೊರಗೊರ. ಆಮೇಲೆ ಗಿರಣಿಯ ಯಜಮಾನರ ದನಿ, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು.

‘ಹಾಂ. ಈಗ ಚಲೋ ಕೇಳ್ತು ನೋಡವ್ವಾ.’